ನದಿಯಲ್ಲಿ ಯಾವ ಮೀನು ಉಳಿದಿದೆ? ಸಮೀಕ್ಷೆ ಹೇಳುವುದು ಮತ್ತು ಹೇಳಲಾಗದಿರುವುದು

ಜಲಾಶಯಗಳಿಗೆ ನೀರು ಬಂದ ಮೇಲೆ ಮೀನುಮರಿ ಬಿತ್ತನೆಯ ಕಾರ್ಯಕ್ರಮಗಳು ನಡೆಯುತ್ತವೆ. ಎಷ್ಟು ಲಕ್ಷ ಮರಿಗಳನ್ನು ಬಿಡಲಾಯಿತು, ಅವು ಯಾವ ತಳಿಯವು ಎಂಬ ಲೆಕ್ಕ ಅಂದಿನ ಪ್ರಕಟಣೆಯಲ್ಲಿಯೇ ದೊರೆಯುತ್ತದೆ. ಆದರೆ ಆ ಮರಿಗಳು ಬೀಳುವ ನೀರಿನಲ್ಲಿ ಅದಕ್ಕೂ ಮೊದಲು ಯಾವ ಮೀನುಗಳು ಯಾವ ಪ್ರಮಾಣದಲ್ಲಿ ಇದ್ದವು, ಐದಾರು ವರ್ಷಗಳ ಬಳಿಕ ಅವುಗಳ ಗತಿ ಏನಾಯಿತು ಎಂಬ ಲೆಕ್ಕವನ್ನು ಹುಡುಕಿ ಹೊರಟರೆ ಬಹುತೇಕ ನದಿಗಳ ವಿಷಯದಲ್ಲಿ ಬರಿಗೈಯಲ್ಲಿ ಮರಳಬೇಕಾಗುತ್ತದೆ. ಹೊರಗಿನ ಮೀನುಗಳಿಂದ ಸ್ಥಳೀಯ ಮೀನುಗಳಿಗೆ ಹಾನಿಯಾಗಿದೆಯೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ವಾದ ಎರಡೂ ಕಡೆ ಊಹೆಯ ಮೇಲೆ ನಿಲ್ಲುವುದಕ್ಕೆ ಇದೇ ಕಾರಣ. ನದಿಯೊಂದರ ಮೀನುಗಳನ್ನು ಎಣಿಸುವ ಕೆಲಸ ಹೇಗೆ ನಡೆಯುತ್ತದೆ, ಅದರ ಅಂಕಿಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದು ತಿಳಿಯದೆ ಈ ವಾದ ಮುಂದೆ ಸಾಗುವುದಿಲ್ಲ.

ಮೊದಲು ಬಗೆಹರಿಯಬೇಕಾದದ್ದು ಯಾವ ಮೀನು ಎಲ್ಲಿಯದು ಎಂಬ ವಿಷಯ. ಸಿಹಿನೀರಿನ ಮೀನು ಬೆಟ್ಟದ ಸಾಲನ್ನು ದಾಟಲಾರದು; ಬಹುಪಾಲು ಪ್ರಭೇದಗಳು ಸಮುದ್ರವನ್ನೂ ದಾಟಲಾರವು. ಹೀಗಾಗಿ ಒಂದು ಜಲಾನಯನ ಪ್ರದೇಶದ ಮೀನು ಪಕ್ಕದ ಜಲಾನಯನಕ್ಕೆ ಅಪರಿಚಿತವಾಗಿರಬಹುದು, ನಡುವೆ ಒಂದೇ ದಿಣ್ಣೆ ಇದ್ದರೂ ಸಹ. ಗಂಗಾ ಮತ್ತು ಬ್ರಹ್ಮಪುತ್ರ ಬಯಲಿನ ರೋಹು, ಮೃಗಾಲ್‌ಗಳು ಭಾರತದವೇ ಆದರೂ ಕಾವೇರಿಯ ಮಟ್ಟಿಗೆ ಹೊರಗಿನವು. ಮನುಷ್ಯರು ತಂದು ಬಿಟ್ಟದ್ದರಿಂದ ಅಲ್ಲಿ ನೆಲೆಯಾದವು. ದೇಶದ ಗಡಿಯನ್ನು ಅಳತೆಗೋಲಾಗಿ ಇಟ್ಟುಕೊಂಡ ಸಮೀಕ್ಷೆಯಲ್ಲಿ ಇವು ಸ್ಥಳೀಯ ಎಂಬ ಅಂಕಣಕ್ಕೆ ಸೇರಿ, ನದಿಯ ಆರೋಗ್ಯ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ವಿದೇಶದಿಂದ ಬಂದವುಗಳ ವಿಷಯದಲ್ಲಿ ಈ ಗೊಂದಲವಿಲ್ಲ. 1952ರಲ್ಲಿ ಭಾರತಕ್ಕೆ ತಂದ ಮೊಸಾಂಬಿಕ್ ತಿಲಾಪಿಯಾ, ಸಾಕಣೆಗೆಂದು ತಂದ ಸಾಮಾನ್ಯ ಗೆಂಡೆ, ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಬಿಟ್ಟ ಗಂಬೂಸಿಯಾ, ನಿಷೇಧವಿದ್ದರೂ ಕೊಳಗಳಿಂದ ತಪ್ಪಿಸಿಕೊಂಡು ಹೊಳೆ ಸೇರುತ್ತಿರುವ ಆಫ್ರಿಕನ್ ಕ್ಯಾಟ್‌ಫಿಶ್, ಅಲಂಕಾರಿಕ ಮೀನಿನ ವ್ಯಾಪಾರದಿಂದ ಬಂದು ದಡದಲ್ಲಿ ಬಿಲ ಕೊರೆಯುವ ಸಕರ್ ಮೀನು: ಇವೆಲ್ಲ ಹೊರಗಿನವು ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಅವೆಲ್ಲವೂ ಸಮಾನವಾಗಿ ಹಾನಿಕರವೂ ಅಲ್ಲ. ಕೆಲವು ಹೊಸ ನೀರಿನಲ್ಲಿ ಸಂತಾನವೃದ್ಧಿ ಮಾಡಲಾರದೆ ಅಳಿಯುತ್ತವೆ, ಕೆಲವು ದಶಕಗಳ ಕಾಲ ಅಲ್ಪಸಂಖ್ಯೆಯಲ್ಲಿದ್ದು ಅನಂತರ ಹಠಾತ್ತನೆ ಹೆಚ್ಚುತ್ತವೆ. ಯಾವುದು ಯಾವ ಹಾದಿ ಹಿಡಿದಿದೆ ಎಂಬುದನ್ನು ಮೀನಿನ ಹೆಸರಿನಿಂದ ತೀರ್ಮಾನಿಸಲಾಗದು. ಮತ್ತೆ ಮತ್ತೆ ಎಣಿಸಿಯೇ ತಿಳಿಯಬೇಕು.

ಮೇಲ್ನೋಟಕ್ಕೆ ಸಮೃದ್ಧವಾಗಿ ಕಾಣುವ ನದಿಯಲ್ಲಿ ಒಂದು ಸ್ಥಳೀಯ ಮೀನು ಸದ್ದಿಲ್ಲದೆ ಕುಸಿಯಬಹುದು ಎಂಬುದಕ್ಕೆ ಕಾವೇರಿಯ ಮಹಶೀರ್‌ಗಿಂತ ಸ್ಪಷ್ಟವಾದ ನಿದರ್ಶನ ಭಾರತದಲ್ಲಿ ನನಗೆ ತಿಳಿದಂತೆ ಬೇರೊಂದಿಲ್ಲ. ಬೆನ್ನು ಉಬ್ಬಿದ, ಕಿತ್ತಳೆ ಬಣ್ಣದ ರೆಕ್ಕೆಗಳುಳ್ಳ ಈ ಮಹಶೀರ್ ಜಗತ್ತಿನ ದೊಡ್ಡ ಸಿಹಿನೀರಿನ ಮೀನುಗಳಲ್ಲಿ ಒಂದು. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕ ಮೀನೊಂದು 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಗಿತ್ತು. ಅದರ ಜೊತೆಗೆ ಅದೇ ನೀರಿನಲ್ಲಿ ನೀಲಿ ರೆಕ್ಕೆಯ ಇನ್ನೊಂದು ಮಹಶೀರ್ ಇದೆ. ಟಾರ್ ಖುದ್ರಿ ಎಂಬ ವೈಜ್ಞಾನಿಕ ಹೆಸರಿನ ಈ ಮೀನನ್ನು ಕರ್ನಲ್ ಸೈಕ್ಸ್ 1839ರಲ್ಲಿ ಮೊದಲು ವಿವರಿಸಿದ್ದು ಕೃಷ್ಣಾ ಜಲಾನಯನಕ್ಕೆ ಸೇರಿದ ಮುಳಾ-ಮುಠಾ ನದಿಯಿಂದ. 1970ರ ದಶಕದಿಂದ ಲೋಣಾವಳದ ಮೀನುಮರಿ ಕೇಂದ್ರದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿ ದೇಶದ ಅನೇಕ ನದಿಗಳಿಗೆ ಹಂಚಲಾಯಿತು. ಮಹಶೀರ್ ಕಡಿಮೆಯಾಗುತ್ತಿದೆ ಎಂಬ ಕಳಕಳಿಯಿಂದ, ಸಂರಕ್ಷಣೆಯ ಹೆಸರಿನಲ್ಲಿಯೇ, ಅದರ ಮರಿಗಳನ್ನು ಕಾವೇರಿಗೂ ಬಿಡಲಾಯಿತು.

ಮುಂದೆ ಏನಾಯಿತು ಎಂಬುದು ಗೊತ್ತಾದದ್ದು ಒಂದು ಲೆಕ್ಕದ ಪುಸ್ತಕ ಉಳಿದಿದ್ದರಿಂದ. ಕಾವೇರಿ ದಡದ ಗಾಳಿಬೋರೆಯಲ್ಲಿದ್ದ ಗಾಳದ ಮೀನುಗಾರಿಕೆಯ ಶಿಬಿರದಲ್ಲಿ, ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೆ ಬಿಡುವ ಪದ್ಧತಿಯಿತ್ತು. ಯಾರು ಎಷ್ಟು ಹೊತ್ತು ಗಾಳ ಹಾಕಿದರು, ಏನು ಸಿಕ್ಕಿತು, ಅದರ ತೂಕವೆಷ್ಟು ಎಂಬುದನ್ನು ಅಲ್ಲಿ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ದಾಖಲೆಗಳನ್ನು ಬ್ರಿಟನ್ ಮತ್ತು ಭಾರತದ ವಿಜ್ಞಾನಿಗಳು ಒಟ್ಟಾಗಿ ವಿಶ್ಲೇಷಿಸಿ 2015ರಲ್ಲಿ ಪ್ರಕಟಿಸಿದರು. 23 ಸಾವಿರಕ್ಕೂ ಹೆಚ್ಚು ಗಂಟೆಗಳ ಗಾಳ, 6 ಸಾವಿರಕ್ಕೂ ಹೆಚ್ಚು ಮಹಶೀರ್‌ಗಳು. ಒಟ್ಟು ಸಂಖ್ಯೆಯನ್ನು ಮಾತ್ರ ನೋಡಿದರೆ ಕಥೆ ಸಂತೋಷದ್ದೇ: ಗಂಟೆಗೆ ಸಿಗುವ ಮೀನುಗಳು ವರ್ಷದಿಂದ ವರ್ಷಕ್ಕೆ ಹೆಚ್ಚಿದ್ದವು. ಎರಡು ಬಗೆಯ ಮಹಶೀರ್‌ಗಳನ್ನು ಬೇರೆ ಬೇರೆಯಾಗಿ ಎಣಿಸಿದಾಗ ಚಿತ್ರ ತಲೆಕೆಳಗಾಯಿತು. ಹೆಚ್ಚಿದ್ದೆಲ್ಲ ನೀಲಿ ರೆಕ್ಕೆಯ ಮೀನು. ಉಬ್ಬು ಬೆನ್ನಿನದು ಅಪರೂಪವಾಗುತ್ತ ಬಂದಿತ್ತು. ಅದಕ್ಕಿಂತ ಕಳವಳಕಾರಿಯಾದ ಸುಳಿವು ತೂಕದಲ್ಲಿತ್ತು. ಸಿಕ್ಕ ಕೆಲವೇ ಉಬ್ಬು ಬೆನ್ನಿನ ಮೀನುಗಳ ಸರಾಸರಿ ತೂಕ ಕಾಲ ಕಳೆದಂತೆ ಏರುತ್ತಿತ್ತು. ದೊಡ್ಡ ಮೀನು ಸಿಕ್ಕಿತೆಂದು ಗಾಳ ಹಿಡಿದವರು ಹಿಗ್ಗಿರಬಹುದು. ಸಂಖ್ಯಾಶಾಸ್ತ್ರದ ಕಣ್ಣಿಗೆ ಕಂಡದ್ದು ಮಾತ್ರ ಮರಿಗಳು ಹುಟ್ಟಿ ಬೆಳೆದು ಬರುತ್ತಿಲ್ಲ, ಹಳೆಯ ಮೀನುಗಳಷ್ಟೇ ಉಳಿದಿವೆ ಎಂಬ ಸಂಗತಿ.

ಇನ್ನೊಂದು ವಿಷಯವೂ ಇಲ್ಲಿದೆ. ಒಂದು ಶತಮಾನಕ್ಕೂ ಮೀರಿ ಪ್ರಸಿದ್ಧವಾಗಿದ್ದ ಈ ದೈತ್ಯ ಮೀನಿಗೆ ಖಚಿತವಾದ ವೈಜ್ಞಾನಿಕ ಗುರುತು ದೊರೆತದ್ದು 2018ರಲ್ಲಿ. ಕೇರಳದ ಪಾಂಬಾರ್ ನದಿಯ ಮಾದರಿಗಳಿಂದ 2007ರಲ್ಲಿ ವಿವರಿಸಲಾಗಿದ್ದ ಟಾರ್ ರಮಾದೇವಿ ಎಂಬ ಪ್ರಭೇದವೇ ಇದೆಂದು ಆಗ ತಿಳಿಯಿತು. ಪಾಂಬಾರ್ ಕೂಡ ಕಾವೇರಿ ಜಲಾನಯನದ್ದೇ. ಅದೇ ವರ್ಷ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್ ಅದನ್ನು ಅಳಿವಿನಂಚಿನಲ್ಲಿರುವವುಗಳ ಪೈಕಿ ಅತ್ಯಂತ ಗಂಭೀರ ವರ್ಗಕ್ಕೆ ಸೇರಿಸಿತು. ಅಷ್ಟರವರೆಗೆ ನಡೆದ ಸಮೀಕ್ಷೆಗಳು ಎರಡು ಮೀನುಗಳನ್ನೂ ಮಹಶೀರ್ ಎಂಬ ಒಂದೇ ಸಾಲಿನಲ್ಲಿ ಬರೆದಿದ್ದರೆ, ಆ ಸಾಲುಗಳಿಂದ ಇಂದು ಯಾವ ಪ್ರಯೋಜನವೂ ಇಲ್ಲ. ಹಿಡಿದ ಮೀನಿನ ಒಂದು ಸ್ಪಷ್ಟ ಛಾಯಾಚಿತ್ರ, ರೆಕ್ಕೆಯ ಒಂದು ಚೂರು ಆಲ್ಕೋಹಾಲಿನಲ್ಲಿ ಕಾಪಾಡಿದ್ದರೆ ಸಾಕು. ಮುಂದೆ ಹೆಸರು ಬದಲಾದರೂ ದಾಖಲೆ ಉಳಿಯುತ್ತದೆ. ಇಷ್ಟು ಅಗ್ಗದ ಎಚ್ಚರಿಕೆಯನ್ನೂ ವಹಿಸದ ಸಮೀಕ್ಷೆಗಳು ಇಂದಿಗೂ ನಡೆಯುತ್ತಿರುವುದು ನೋವಿನ ಸಂಗತಿ.

ಗಾಳಿಬೋರೆಯ ಪುಸ್ತಕ ಬೆಲೆಬಾಳುವುದಾದದ್ದು ಅದರಲ್ಲಿ ಮೀನಿನ ಜೊತೆಗೆ ಗಂಟೆಗಳ ಲೆಕ್ಕವೂ ಇದ್ದುದರಿಂದ. ಇಬ್ಬರು ಒಂದು ಬೆಳಗ್ಗೆ ಹತ್ತು ಮೀನು ಹಿಡಿಯುವುದಕ್ಕೂ ಇಪ್ಪತ್ತು ಮಂದಿ ವಾರವಿಡೀ ಹತ್ತು ಮೀನು ಹಿಡಿಯುವುದಕ್ಕೂ ಅಜಗಜಾಂತರವಿದೆ. ಪಟ್ಟ ಶ್ರಮವನ್ನು ಬರೆಯದ ಪಟ್ಟಿಯಲ್ಲಿ ಎರಡೂ ಹತ್ತೇ ಆಗಿರುತ್ತವೆ. ಇಂತಹ ನದಿಯಲ್ಲಿ ಇಷ್ಟು ಪ್ರಭೇದಗಳು ಕಂಡುಬಂದಿವೆ ಎಂಬ ವರದಿಗಳಲ್ಲಿ ಹೆಚ್ಚಿನವುಗಳ ದೌರ್ಬಲ್ಯ ಇಲ್ಲಿಯೇ ಇದೆ: ಹತ್ತು ವರ್ಷಗಳ ಬಳಿಕ ಯಾರಾದರೂ ಅದೇ ಕೆಲಸವನ್ನು ಮತ್ತೆ ಮಾಡಿ ಹೋಲಿಸೋಣವೆಂದರೆ, ಏನನ್ನು ಮತ್ತೆ ಮಾಡಬೇಕೆಂಬುದೇ ಅವುಗಳಲ್ಲಿ ಬರೆದಿರುವುದಿಲ್ಲ.

ಉಪಕರಣದ ಪ್ರಶ್ನೆಯೂ ಹೀಗೆಯೇ. ಪ್ರತಿ ಬಲೆಯೂ ತನಗೆ ತಕ್ಕ ಮೀನನ್ನು ಹಿಡಿಯುತ್ತದೆ. ನೀರಿನಲ್ಲಿ ಗೋಡೆಯಂತೆ ನಿಲ್ಲಿಸಿ ಮೀನಿನ ಕಿವಿರನ್ನು ಸಿಲುಕಿಸುವ ಗಿಲ್‌ನೆಟ್‌ನ ಕಣ್ಣಿನ ಅಳತೆಗಿಂತ ಚಿಕ್ಕ ಮೀನು ನುಸುಳಿ ಹೋಗುತ್ತದೆ, ತೀರ ದೊಡ್ಡದು ಸಿಲುಕದೆ ಹಿಂದಿರುಗುತ್ತದೆ. ತಳದಲ್ಲಿ ಕಲ್ಲಿಗೆ ಅಂಟಿಕೊಂಡಿರುವ ಸಣ್ಣ ಮೀನಿಗೆ ಆ ಬಲೆ ಇದ್ದೂ ಇಲ್ಲದಂತೆ. ಈ ತೊಡಕನ್ನು ನೀಗಲೆಂದು ಯುರೋಪಿನ ದೇಶಗಳು ಸರೋವರಗಳಿಗಾಗಿ 5 ಮಿಲಿಮೀಟರಿನಿಂದ 55 ಮಿಲಿಮೀಟರಿನವರೆಗೆ 12 ಬೇರೆ ಬೇರೆ ಅಳತೆಯ ಕಣ್ಣುಗಳನ್ನು ಒಂದೇ ಬಲೆಯಲ್ಲಿ ಜೋಡಿಸಿ ಅದನ್ನು ಮಾನಕವೆಂದು ಒಪ್ಪಿಕೊಂಡಿವೆ. ಹರಿಯುವ ನೀರಿಗೆ ಅಲ್ಲಿ ಬಳಸುವುದು ವಿದ್ಯುತ್ ಮೀನುಗಾರಿಕೆ. ತರಬೇತಾದ ತಂಡವೊಂದು ನಿಯಂತ್ರಿತ ಏಕಮುಖ ವಿದ್ಯುತ್ತನ್ನು ನೀರಿಗೆ ಹರಿಸಿದಾಗ ಹತ್ತಿರದ ಮೀನುಗಳು ಧನ ವಿದ್ಯುದ್ವಾರದತ್ತ ಸೆಳೆಯಲ್ಪಟ್ಟು ಕೆಲವು ಕ್ಷಣ ಮಂಕಾಗುತ್ತವೆ. ಅವುಗಳನ್ನು ಎತ್ತಿ ಅಳೆದು ತೂಗಿ ಮತ್ತೆ ಬಿಡಲಾಗುತ್ತದೆ. ಬ್ಯಾಟರಿ ಮತ್ತು ಇನ್ವರ್ಟರುಗಳಿಂದ ಕಳ್ಳತನದಲ್ಲಿ ನಡೆಯುವ, ಹೊಳೆಯನ್ನೇ ಬರಿದು ಮಾಡುವ ಕೃತ್ಯಕ್ಕೂ ಇದಕ್ಕೂ ಯಾವ ಹೋಲಿಕೆಯೂ ಇಲ್ಲ. ಈ ವಿಧಾನಕ್ಕೂ ಮಿತಿಗಳಿವೆ. ಆಳವಾದ ಮಡುವಿನಲ್ಲಿ ಇದು ಕೆಲಸಕ್ಕೆ ಬಾರದು, ಕಲಕಿದ ನೀರಿನಲ್ಲಿ ಮಂಕಾದ ಮೀನು ಕಣ್ಣಿಗೆ ಬೀಳದು, ನೀರಿನ ವಾಹಕತೆ ಬದಲಾದಂತೆ ಫಲಿತಾಂಶವೂ ಬದಲಾಗುತ್ತದೆ, ಸಣ್ಣ ಮೀನಿಗಿಂತ ದೊಡ್ಡ ಮೀನು ಹೆಚ್ಚು ಸುಲಭವಾಗಿ ಸಿಗುತ್ತದೆ. ಆದ್ದರಿಂದ ಒಂದು ವರ್ಷ ಬೀಸುಬಲೆಯಿಂದಲೂ ಇನ್ನೊಂದು ವರ್ಷ ಗಿಲ್‌ನೆಟ್‌ನಿಂದಲೂ ಮಾಡಿದ ಎಣಿಕೆಗಳನ್ನು ಪಕ್ಕದಲ್ಲಿಟ್ಟು ಮೀನು ಹೆಚ್ಚಾಯಿತು, ಕಡಿಮೆಯಾಯಿತು ಎನ್ನುವುದಕ್ಕೆ ಆಧಾರವಿಲ್ಲ.

ಸಿಕ್ಕ ಮೀನಿನಿಂದ ಸಿಗದ ಮೀನನ್ನು ಅಂದಾಜಿಸುವ ಗಣಿತ ಮಾತ್ರ ಬಹಳ ಸರಳ. ಹೊಳೆಯ ಒಂದು ತುಂಡನ್ನು ಎರಡೂ ಕಡೆ ಬಲೆ ಕಟ್ಟಿ ಮುಚ್ಚಿ, ಒಂದೇ ರೀತಿಯಲ್ಲಿ ಎರಡು ಬಾರಿ ಮೀನು ಹಿಡಿಯಲಾಯಿತೆನ್ನಿ. ಮೊದಲ ಬಾರಿ 60, ಎರಡನೆಯ ಬಾರಿ 30 ಸಿಕ್ಕಿದ್ದರೆ, ಪ್ರತಿ ಸಲವೂ ಇದ್ದುದರ ಅರ್ಧದಷ್ಟು ಸಿಗುತ್ತಿದೆ ಎಂದಾಗುತ್ತದೆ. ಹಾಗಾಗಿ ಅಲ್ಲಿದ್ದದ್ದು ಸುಮಾರು 120. ದೊಡ್ಡ ನದಿಯಲ್ಲಿ ಗುರುತು ಹಾಕಿ ಬಿಡುವ ವಿಧಾನ ಬಳಕೆಯಲ್ಲಿದೆ. 100 ಮೀನುಗಳಿಗೆ ಗುರುತು ಹಾಕಿ ಬಿಟ್ಟು, ಕೆಲವು ದಿನಗಳ ನಂತರ ಹಿಡಿದ 80 ಮೀನುಗಳಲ್ಲಿ 20ಕ್ಕೆ ಗುರುತಿದ್ದರೆ ಒಟ್ಟು ಸಂಖ್ಯೆ ಸುಮಾರು 400. ಗುರುತು ಬಿದ್ದು ಹೋಗಿಲ್ಲ, ನಡುವೆ ಮೀನುಗಳು ಬಂದು ಹೋಗಿಲ್ಲ, ಒಮ್ಮೆ ಸಿಕ್ಕ ಮೀನು ಎರಡನೆಯ ಬಾರಿ ಬಲೆಗೆ ಅಂಜುವುದಿಲ್ಲ ಎಂಬ ಊಹೆಗಳ ಮೇಲೆ ಈ 400 ನಿಂತಿದೆ. ಮಳೆ ಬಂದು ಹೊಳೆ ಏರಿದರೆ ಆ ಊಹೆಗಳು ಒಂದೇ ರಾತ್ರಿಯಲ್ಲಿ ಕುಸಿಯುತ್ತವೆ.

ಸಮೀಕ್ಷೆಯ ಫಲಿತಾಂಶಗಳಲ್ಲಿ ಅತಿ ಹೆಚ್ಚು ತಪ್ಪರ್ಥಕ್ಕೆ ಗುರಿಯಾಗುವುದು ಸೊನ್ನೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 1990ರ ದಶಕದ ಮಧ್ಯಭಾಗದಲ್ಲಿ ನಡೆದ ನದಿ ಸಮೀಕ್ಷೆಯು ಮರ್ರೆ ನದಿಯ ಪ್ರದೇಶದಲ್ಲಿ ಯಾದೃಚ್ಛಿಕವಾಗಿ ಆರಿಸಿದ 20 ತಾಣಗಳಲ್ಲಿ ಎರಡು ವರ್ಷಗಳ ಕಾಲ ಎಲ್ಲ ಬಗೆಯ ಉಪಕರಣಗಳಿಂದ ಹುಡುಕಿತು. ಆ ನದಿಯ ಹೆಸರನ್ನೇ ಹೊತ್ತ ಮರ್ರೆ ಕಾಡ್ ಎಂಬ ದೊಡ್ಡ ಸ್ಥಳೀಯ ಮೀನು ಒಂದೂ ಸಿಗಲಿಲ್ಲ. ಆ ಮೀನು ಅಳಿದುಹೋಗಿರಲಿಲ್ಲ. ಇಂದಿಗೂ ಆ ನದಿಗಳಲ್ಲಿದೆ. ಆದರೂ ಆ ಸೊನ್ನೆಗೆ ಅರ್ಥವಿತ್ತು. ತಾಣಗಳನ್ನು ಯಾರ ಇಷ್ಟಕ್ಕೂ ಬಿಡದೆ ಚೀಟಿ ಎತ್ತಿದಂತೆ ಆರಿಸಿದ್ದರಿಂದ, ಒಂದು ಕಾಲಕ್ಕೆ ಎಲ್ಲೆಡೆ ಇದ್ದ ಮೀನು ಈಗ ಅಲ್ಲಲ್ಲಿ ಚದುರಿ ಉಳಿದಿದೆ ಎಂಬುದನ್ನು ಅದು ಸಾರಿತು. ಅದೇ ಸೊನ್ನೆ ಒಂದೇ ಭೇಟಿಯಲ್ಲಿ ಬಂದಿದ್ದರೆ ಅದಕ್ಕೆ ಅಷ್ಟು ತೂಕ ಇರುತ್ತಿರಲಿಲ್ಲ. ಒಂದು ತಾಣದಲ್ಲಿ ಇರುವ ಮೀನು ಒಂದು ಭೇಟಿಯಲ್ಲಿ ಕಣ್ಣಿಗೆ ಬೀಳುವ ಸಂಭವ ನೂರಕ್ಕೆ 30 ಎಂದಿಟ್ಟುಕೊಂಡರೆ, ಮೂರು ಬಾರಿ ಹೋದರೂ ಅದು ಕಾಣದೇ ಉಳಿಯುವ ಸಂಭವ ನೂರಕ್ಕೆ 34ರಷ್ಟಿರುತ್ತದೆ. ಹತ್ತು ಬಾರಿ ಹೋದಾಗ ಅದು ನೂರಕ್ಕೆ 3ಕ್ಕೆ ಇಳಿಯುತ್ತದೆ. ಈ ಲೆಕ್ಕ ಹೊರಗಿನ ಮೀನಿಗೂ ಅನ್ವಯಿಸುತ್ತದೆ. ಹೊಸದಾಗಿ ಬಂದ ಮೀನು ಮೊದಲ ವರ್ಷಗಳಲ್ಲಿ ವಿರಳವಾಗಿರುವುದರಿಂದ, ಅದನ್ನು ಹೊರದಬ್ಬಲು ಸಾಧ್ಯವಿರುವ ಕಾಲದಲ್ಲಿಯೇ ಸಮೀಕ್ಷೆಯ ಕಣ್ಣಿಗೆ ಅದು ತಪ್ಪಿಹೋಗುವ ಸಂಭವ ಹೆಚ್ಚು.

ತಾಣಗಳ ಆಯ್ಕೆಯಲ್ಲಿ ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಇದಕ್ಕೆ ವಿರುದ್ಧ. ರಸ್ತೆ ಇರುವ ಕಡೆ, ಸೇತುವೆಯ ಬಳಿ, ಮೀನು ಚೆನ್ನಾಗಿ ಸಿಗುತ್ತದೆಂದು ಹೆಸರಾದ ಮಡುವಿನಲ್ಲಿ ಬಲೆ ಬೀಳುತ್ತದೆ. ದೇವಸ್ಥಾನದ ರಕ್ಷಣೆಯಲ್ಲಿರುವ ಮತ್ಸ್ಯಧಾಮಗಳನ್ನೇ ನೋಡಿ. ಕಾವೇರಿ ತೀರದ ರಾಮನಾಥಪುರದಲ್ಲಿ, ತುಂಗೆಯ ತೀರದ ಶೃಂಗೇರಿಯಲ್ಲಿ ಮೀನು ಹಿಡಿಯುವಂತಿಲ್ಲವಾದ್ದರಿಂದ ದೊಡ್ಡ ಮಹಶೀರ್‌ಗಳು ಹಿಂಡುಹಿಂಡಾಗಿ ಕಾಣುತ್ತವೆ. ಜನರ ಭಕ್ತಿ ಕಾಪಾಡಿಕೊಂಡು ಬಂದಿರುವ ಅಪೂರ್ವ ನೆಲೆಗಳು ಅವು, ಆದರೆ ಅಲ್ಲಿನ ಸಂಖ್ಯೆಯನ್ನು ಇಡೀ ನದಿಗೆ ಹಿಗ್ಗಿಸಿ ಹೇಳಿದರೆ ಉಳಿದ ನೂರಾರು ಕಿಲೋಮೀಟರುಗಳ ಸ್ಥಿತಿ ಮರೆಯಾಗುತ್ತದೆ.

ಬಲೆಯ ಮಿತಿಗಳನ್ನು ಮೀರಲು ಈಚಿನ ವರ್ಷಗಳಲ್ಲಿ ಬಂದಿರುವ ಸಾಧನ ಪರಿಸರದ ಡಿಎನ್‌ಎ. ಮೀನು ನೀರಿನಲ್ಲಿ ಬಿಟ್ಟ ಲೋಳೆ, ಚರ್ಮದ ಕಣ, ಮಲಗಳಲ್ಲಿರುವ ಡಿಎನ್‌ಎಯನ್ನು ಒಂದೆರಡು ಲೀಟರ್ ನೀರು ಸೋಸಿ ಹಿಡಿದು ಓದಲಾಗುತ್ತದೆ. 2008ರಲ್ಲಿ ಫ್ರಾನ್ಸಿನ ಕೊಳಗಳಲ್ಲಿ ಹೊರಗಿನಿಂದ ಬಂದ ಅಮೆರಿಕನ್ ಗೂಳಿಗಪ್ಪೆಯನ್ನು ಹೀಗೆ ಪತ್ತೆ ಹಚ್ಚಲಾಯಿತು. ಅನಂತರ ಷಿಕಾಗೋದ ಕಾಲುವೆಗಳಲ್ಲಿ ಏಷ್ಯಾದ ಗೆಂಡೆಗಳ ಮುನ್ನಡೆಯನ್ನು ಗಮನಿಸಲು ಇದು ಬಳಕೆಗೆ ಬಂತು. ವಿರಳವಾದ ಮೀನನ್ನು ಬೇಗ ಪತ್ತೆ ಮಾಡುವುದಕ್ಕೆ ಇದಕ್ಕೆ ಸಾಟಿಯಿಲ್ಲವೆಂಬುದನ್ನು ಒಪ್ಪಬೇಕು. ಆದರೆ ನದಿ ಹರಿಯುತ್ತದೆ. ಕೆಳಗಿನ ತಾಣದಲ್ಲಿ ಸಿಕ್ಕ ಡಿಎನ್‌ಎ ಎಷ್ಟೋ ದೂರ ಮೇಲಿನ ಮೀನಿನದಿರಬಹುದು, ಮೀನು ತೊಳೆದ ನೀರಿನದೂ ಆಗಿರಬಹುದು. ಮೀನು ಸತ್ತಿತ್ತೇ ಬದುಕಿತ್ತೇ, ಮರಿಯೇ ಮುದಿಯೇ ಎಂಬುದನ್ನು ಅದು ತಿಳಿಸದು. ಕಾವೇರಿಯ ಮಹಶೀರ್ ವಿಷಯದಲ್ಲಿ ನಿರ್ಣಾಯಕವಾದದ್ದು ಆ ತೂಕದ ಸುಳಿವೇ ಆಗಿತ್ತು. ಸಾಮಾನ್ಯವಾಗಿ ಓದುವ ಮೈಟೋಕಾಂಡ್ರಿಯಾದ ಡಿಎನ್‌ಎ ತಾಯಿಯಿಂದ ಮಾತ್ರ ಬರುವುದರಿಂದ, ಸ್ಥಳೀಯ ತಾಯಿಗೂ ಹೊರಗಿನ ತಂದೆಗೂ ಹುಟ್ಟಿದ ಮಿಶ್ರ ಸಂತಾನ ಅಪ್ಪಟ ಸ್ಥಳೀಯವೆಂದೇ ದಾಖಲಾಗುತ್ತದೆ. ಹತ್ತಿರದ ಸಂಬಂಧಿಗಳನ್ನು ಒಂದೇ ನೀರಿಗೆ ಬಿಟ್ಟಿರುವ ಕಡೆ ಇದು ಸಣ್ಣ ದೋಷವಲ್ಲ.

ಇಷ್ಟೆಲ್ಲ ಎಚ್ಚರ ವಹಿಸಿದ ಸಮೀಕ್ಷೆಯೂ ಬದಲಾವಣೆಯನ್ನು ತೋರಿಸೀತೇ ಹೊರತು ಅದರ ಕಾರಣವನ್ನು ತಾನಾಗಿ ಹೇಳದು. ಅಮೆರಿಕದ ಕೊಲರಾಡೊ ನದಿಯ ಅನುಭವ ಇದಕ್ಕೆ ಒಳ್ಳೆಯ ಪಾಠ. 1963ರಲ್ಲಿ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ನೀರನ್ನು ತಡೆದ ಮೇಲೆ, ಬೆಚ್ಚಗೆ ಕೆಸರಾಗಿ ಹರಿಯುತ್ತಿದ್ದ ನದಿ ಗ್ರ್ಯಾಂಡ್ ಕ್ಯಾನ್ಯನ್ನಿನಲ್ಲಿ ತಣ್ಣಗೆ ತಿಳಿಯಾಯಿತು. ಹೊರಗಿನಿಂದ ತಂದ ಟ್ರೌಟ್ ಮೀನಿಗೆ ಅದು ಹಿತವಾಯಿತು, ಸ್ಥಳೀಯ ಹಂಪ್‌ಬ್ಯಾಕ್ ಚಬ್ ಮೀನಿಗೆ ಕುತ್ತಾಯಿತು. ಚಬ್‌ಗಳ ಮೈಯೊಳಗೆ ಅಕ್ಕಿಕಾಳಿನಷ್ಟು ಚಿಕ್ಕ ಗುರುತಿನ ಸಾಧನ ಸೇರಿಸಿ ದಶಕಗಳ ಕಾಲ ಅನುಸರಿಸಿದ್ದರಿಂದ ಅವುಗಳ ಸಂಖ್ಯೆಯ ಏರಿಳಿತ ಸ್ಪಷ್ಟವಾಗಿ ತಿಳಿದಿತ್ತು. 2003ರಿಂದ 2006ರವರೆಗೆ, ಚಬ್‌ಗಳು ಮರಿ ಮಾಡುವ ಉಪನದಿಯ ಸಂಗಮದ ಬಳಿ 20 ಸಾವಿರಕ್ಕೂ ಹೆಚ್ಚು ಹೊರಗಿನ ಮೀನುಗಳನ್ನು ಹಿಡಿದು ತೆಗೆಯಲಾಯಿತು. ಚಬ್‌ಗಳ ಸಂಖ್ಯೆ ಏರಿತು. ಆದರೆ ಅದೇ ವರ್ಷಗಳಲ್ಲಿ ಬರಗಾಲದಿಂದ ಜಲಾಶಯ ಇಳಿದು, ಅಣೆಕಟ್ಟೆಯಿಂದ ಹೊರಬರುವ ನೀರು ಬೆಚ್ಚಗಾಗಿತ್ತು. ಟ್ರೌಟ್ ಕಡಿಮೆಯಾದದ್ದರಿಂದ ಚಬ್ ಚೇತರಿಸಿಕೊಂಡಿತೋ ನೀರಿನ ಬಿಸುಪಿನಿಂದಲೋ ಎಂಬುದನ್ನು ಬಿಡಿಸಿ ಹೇಳಲಾಗಲಿಲ್ಲ. ಆ ಸಂಗಮವನ್ನು ಪವಿತ್ರವೆಂದು ಕಾಣುವ ಝೂನಿ ಮತ್ತಿತರ ಮೂಲನಿವಾಸಿ ಸಮುದಾಯಗಳು ಅಲ್ಲಿ ಅಷ್ಟು ಜೀವಗಳನ್ನು ಕೊಲ್ಲುವುದನ್ನು ವಿರೋಧಿಸಿದವು. ಆ ಆಕ್ಷೇಪದಿಂದ ಮುಂದಿನ ಕ್ರಮಗಳು ಬದಲಾದವು. 2021ರಲ್ಲಿ ಚಬ್‌ನ ಸ್ಥಿತಿ ಸುಧಾರಿಸಿದೆಯೆಂದು ಅದರ ವರ್ಗವನ್ನು ಒಂದು ಮೆಟ್ಟಿಲು ಇಳಿಸಲಾಯಿತು. ಮರುವರ್ಷವೇ, ಜಲಾಶಯ ಇನ್ನಷ್ಟು ಇಳಿದ ಕಾರಣ ಅಣೆಕಟ್ಟೆಯ ಮೂಲಕ ಸಾಗಿಬಂದ ಸ್ಮಾಲ್‌ಮೌತ್ ಬಾಸ್ ಎಂಬ ಹೊರಗಿನ ಬೇಟೆಗಾರ ಮೀನು ಕೆಳಭಾಗದಲ್ಲಿ ಮರಿ ಮಾಡಿರುವುದು ಪತ್ತೆಯಾಯಿತು. ಚಬ್‌ಗೆ ನೆರವಾಗಿದ್ದಿರಬಹುದಾದ ಬೆಚ್ಚನೆಯ ನೀರೇ ಈ ಹೊಸ ಶತ್ರುವಿಗೂ ಅನುಕೂಲವಾಯಿತು. ಅದು ಬೇಗ ಪತ್ತೆಯಾದದ್ದು ನಿಯತವಾಗಿ ಎಣಿಸುವವರು ಅಲ್ಲಿ ಇದ್ದುದರಿಂದ.

ಕಾವೇರಿಯಲ್ಲಿಯೂ ಕಾರಣಗಳು ಹೀಗೆಯೇ ಹೆಣೆದುಕೊಂಡಿವೆ. 1934ರಲ್ಲಿ ಮೆಟ್ಟೂರು ಅಣೆಕಟ್ಟು ಪೂರ್ಣಗೊಂಡ ಮೇಲೆ ಸಮುದ್ರದಿಂದ ಮೇಲೇರಿ ಬರುತ್ತಿದ್ದ ಹಿಲ್ಸಾ ಮೀನಿನ ದಾರಿ ಮುಚ್ಚಿತು. ಅದಕ್ಕೆ ಯಾವ ಹೊರಗಿನ ಮೀನೂ ಕಾರಣವಲ್ಲ. ನಿಂತ ನೀರು ಗೆಂಡೆ ಮತ್ತು ತಿಲಾಪಿಯಾಗಳಿಗೆ ಒಗ್ಗುತ್ತದೆ, ಹರಿವನ್ನೇ ನಂಬಿದ ಮೀನುಗಳಿಗೆ ಒಗ್ಗದು. ಮರಳು ತೆಗೆಯುವುದು, ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಕೊಳಚೆ ಇವೆಲ್ಲವೂ ಅದರ ಜೊತೆಗಿವೆ. ಹೊರಗಿನ ಮೀನು ಸ್ಥಳೀಯ ಮೀನನ್ನು ಓಡಿಸಿತೋ, ಕೆಟ್ಟ ನೀರಿನಲ್ಲಿ ಸ್ಥಳೀಯ ಮೀನು ಬಿಟ್ಟುಹೋದ ಜಾಗವನ್ನು ತುಂಬಿತೋ ಎಂಬುದನ್ನು ತಿಳಿಯಬೇಕಾದರೆ, ಮೀನಿನ ಎಣಿಕೆಯ ಜೊತೆಗೆ ನೀರಿನ ಉಷ್ಣತೆ, ಹರಿವು, ಕರಗಿದ ಆಮ್ಲಜನಕ, ತಳದ ಸ್ವರೂಪಗಳ ಅಳತೆಯೂ ಅದೇ ದಿನ ಅದೇ ತಾಣದಲ್ಲಿ ನಡೆದಿರಬೇಕು. ಬಿತ್ತನೆ ನಡೆದ ಉಪನದಿಯನ್ನೂ ನಡೆಯದ ಉಪನದಿಯನ್ನೂ ಏಕಕಾಲಕ್ಕೆ ಗಮನಿಸಿದರೆ ಉತ್ತರ ಇನ್ನೂ ಗಟ್ಟಿಯಾಗುತ್ತದೆ. ಭವಾನಿಯ ಉಪನದಿಯಾದ ಮೋಯಾರ್‌ನಲ್ಲಿ ಉಬ್ಬು ಬೆನ್ನಿನ ಮಹಶೀರ್ ಇನ್ನೂ ಉಳಿದಿರುವುದರಿಂದ ಅಂತಹ ಹೋಲಿಕೆಗೆ ಅವಕಾಶ ಸಂಪೂರ್ಣವಾಗಿ ಕೈತಪ್ಪಿಲ್ಲ.

ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಾರಣದಿಂದ ಕಾವೇರಿ ವನ್ಯಧಾಮದೊಳಗೆ ಗಾಳದ ಮೀನುಗಾರಿಕೆ ನಿಂತಾಗ, ಅದರೊಂದಿಗೆ ಲೆಕ್ಕ ಬರೆಯುವುದೂ ನಿಂತಿತು. ನಿಷೇಧ ಸರಿಯೋ ತಪ್ಪೋ ಎಂಬುದು ಬೇರೆಯೇ ಚರ್ಚೆ. ಅದರ ಬೆಂಬಲಿಗರಿಗೂ ವಿರೋಧಿಗಳಿಗೂ ಬಲವಾದ ಕಾರಣಗಳಿವೆ. ಆದರೆ ಹದಿನೈದು ವರ್ಷಗಳ ಸರಣಿಯೊಂದು ಮುರಿದು ಬೀಳುವಾಗ ಅದರ ಜಾಗದಲ್ಲಿ ಇನ್ನೊಂದು ಎಣಿಕೆಯನ್ನು ಆರಂಭಿಸುವುದು ಸಾಧ್ಯವಿತ್ತು, ಅಗತ್ಯವೂ ಇತ್ತು. ಆ ನೀರನ್ನು ಬಲ್ಲ ಬೆಸ್ತರು, ಹಿಂದೆ ಶಿಬಿರಗಳಲ್ಲಿ ದುಡಿದ ಸ್ಥಳೀಯರು ಯಾವ ಕಲ್ಲಿನ ಹಿಂದೆ ಯಾವ ಮೀನು ನಿಲ್ಲುತ್ತದೆ ಎಂಬುದನ್ನು ಅರಿತವರು; ಅವರಿಗೆ ನಿಯತ ಕೂಲಿ ಕೊಟ್ಟು, ಗೊತ್ತಾದ ತಾಣಗಳಲ್ಲಿ ಗೊತ್ತಾದ ತಿಂಗಳುಗಳಲ್ಲಿ ಒಂದೇ ಬಗೆಯ ಬಲೆ ಹಾಕಿಸಿ, ಏನೂ ಸಿಗದ ದಿನವನ್ನೂ ಬರೆಸುವುದಕ್ಕೆ ದುಬಾರಿ ಯಂತ್ರಗಳು ಬೇಕಿಲ್ಲ. ಬಿತ್ತನೆಗೆ ತೆಗೆದಿರಿಸುವ ಹಣದ ಒಂದು ಸಣ್ಣ ಪಾಲನ್ನು ಬಿತ್ತನೆಗೆ ಮುಂಚಿನ ಮತ್ತು ನಂತರದ ಎಣಿಕೆಗೆ ಕಡ್ಡಾಯವಾಗಿ ಮೀಸಲಿಡಬೇಕು, ಎಣಿಕೆಯ ಮೂಲ ಹಾಳೆಗಳು ಸಾರ್ವಜನಿಕರಿಗೆ ಸಿಗುವಂತಿರಬೇಕು, ಆ ಜಲಾನಯನಕ್ಕೆ ಸೇರದ ತಳಿಯನ್ನು ಹರಿಯುವ ನದಿಗೆ ಬಿಡುವ ಪ್ರಸ್ತಾವ ಬಂದಾಗ ಆ ಹಾಳೆಗಳನ್ನು ಮುಂದಿಟ್ಟುಕೊಂಡೇ ತೀರ್ಮಾನವಾಗಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಉಬ್ಬು ಬೆನ್ನಿನ ಮಹಶೀರ್‌ನ ಮರಿಗಳನ್ನೇ ಬೆಳೆಸಿ ನದಿಗೆ ಬಿಡಬೇಕೆಂದು ಮುಂದೆ ಯಾರಾದರೂ ಹೊರಟರೂ ಅವರಿಗೆ ಮೊದಲು ಬೇಕಾಗುವುದು ಇದೇ ಮಾಹಿತಿ: ಯಾವ ಮಡುವಿನಲ್ಲಿ ನೀಲಿ ರೆಕ್ಕೆಯ ಮೀನು ಎಷ್ಟಿದೆ, ಎಲ್ಲಿ ಇನ್ನೂ ಇಲ್ಲ, ಮತ್ತು ಉಳಿದಿರುವ ಹಳೆಯ ಮೀನುಗಳಲ್ಲಿ ಬೆರಕೆಯಾಗದವು ಎಷ್ಟು.